ಗಡಿ ದಾಟುವ ರೋಗಿಗೆ ಯಾವ ರಾಜ್ಯದ ಸುಧಾರಣೆ?

ಮಾನ್ಯ ಸಂಪಾದಕರೇ,

ದೇಶದ ಆರೋಗ್ಯ ವ್ಯವಸ್ಥೆಯನ್ನು ಸುಧಾರಿಸಬೇಕೆಂಬ ಚರ್ಚೆ ಪ್ರತಿ ಮುಂಗಡಪತ್ರದ ಹೊತ್ತಿಗೆ ಪತ್ರಿಕೆಗಳಲ್ಲಿ ಏಳುತ್ತದೆ. ಹೊಸ ವೈದ್ಯಕೀಯ ಕಾಲೇಜುಗಳು ಎಷ್ಟು ಬರಬೇಕು, ವಿಮೆಯ ಮೊತ್ತ ಎಷ್ಟಿರಬೇಕು, ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಬೇಕೇ ಬೇಡವೇ ಎಂದು ಬಲ್ಲವರು ಬರೆಯುತ್ತಾರೆ, ನಾನೂ ಅವನ್ನು ಶ್ರದ್ಧೆಯಿಂದ ಓದುತ್ತೇನೆ. ಆದರೆ ನಮ್ಮಂಥವರ ಸಂಗತಿ ಆ ಬರಹಗಳಲ್ಲಿ ನನಗೆ ಇದುವರೆಗೆ ಕಾಣಸಿಕ್ಕಿಲ್ಲ. ಮನುಷ್ಯ ತನ್ನ ರಾಜ್ಯದೊಳಗೇ ಕಾಯಿಲೆ ಬೀಳುತ್ತಾನೆ, ಅಲ್ಲೇ ಗುಣವಾಗುತ್ತಾನೆ, ಆ ರಾಜ್ಯದ ಆಡಳಿತ ಭಾಷೆಯಲ್ಲೇ ತನ್ನ ನೋವನ್ನು ಹೇಳಿಕೊಳ್ಳುತ್ತಾನೆ ಎಂಬ ನಂಬಿಕೆಯ ಮೇಲೆ ನಮ್ಮ ಸುಧಾರಣೆಗಳೆಲ್ಲ ನಿಂತಿವೆ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಕನ್ನಡಿಗರ ಪಾಲಿಗೆ ಈ ಮೂರರಲ್ಲಿ ಒಂದೂ ಸರಿಯಲ್ಲ.

ಎರಡು ವರ್ಷಗಳ ಹಿಂದೆ ಮಳೆಗಾಲದ ಒಂದು ಬೆಳಗ್ಗೆ, ಐದು ಗಂಟೆಯ ಸುಮಾರಿಗೆ, ಹಟ್ಟಿಗೆ ಹೋಗಲೆಂದು ಎದ್ದ ನನ್ನ ಅಣ್ಣ ಅಂಗಳದ ಮೆಟ್ಟಿಲಲ್ಲೇ ಕುಸಿದ. ಬಾಯಿ ಒಂದು ಬದಿಗೆ ಸೊಟ್ಟಗಾಗಿತ್ತು, ಬಲಗೈ ಎತ್ತಲಾಗುತ್ತಿರಲಿಲ್ಲ. ಲಕ್ವದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಕಾಯಿಲೆ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಸಿಕ್ಕಬೇಕು, ಅದಕ್ಕೂ ಮೊದಲು ಮೆದುಳಿನ ಸ್ಕ್ಯಾನ್ ಆಗಬೇಕು ಎಂಬುದನ್ನು ನಾನು ಓದಿ ತಿಳಿದಿದ್ದೆ. 108ಕ್ಕೆ ಕರೆ ಮಾಡಿದೆ. ನಮ್ಮ ಗುಡ್ಡದ ಬದಿಯಲ್ಲಿ ಫೋನು ಹಿಡಿಯುವುದು ಆಚೆಯ ಟವರನ್ನು, ಹಾಗಾಗಿ ಕರೆ ಕರ್ನಾಟಕಕ್ಕೆ ಹೋಯಿತು. ನಮ್ಮ ಊರಿನ ಹೆಸರು ಅವರ ಪಟ್ಟಿಯಲ್ಲಿ ಇರಲಿಲ್ಲ. ಮತ್ತೆ ಮನೆಯ ಹಿಂದಿನ ತೋಟಕ್ಕೆ ಓಡಿ, ಕೇರಳದ ಟವರು ಸಿಗುವ ಜಾಗದಲ್ಲಿ ನಿಂತು ಕರೆ ಮಾಡಿದಾಗ, ವಾಹನ ಬರಬಹುದು, ಆದರೆ ಜಿಲ್ಲೆಯ ಒಳಗಿನ ಆಸ್ಪತ್ರೆಗೆ ಮಾತ್ರ ಕರೆದೊಯ್ಯುತ್ತೇವೆ ಎಂದರು. ಕೊನೆಗೆ ನೆರೆಮನೆಯವರ ಜೀಪಿನಲ್ಲಿ ಅಣ್ಣನನ್ನು ಮಲಗಿಸಿ, ಸಾರಡ್ಕ ದಾಟಿ ವಿಟ್ಲದ ದಾರಿಯಾಗಿ ಮಂಗಳೂರಿಗೆ ಹೋದೆವು. ಸಮಯಕ್ಕೆ ತಲುಪಿದ್ದರಿಂದ ಅವನು ಬದುಕಿದ.

ಆದರೆ ಅಲ್ಲಿಯ ಕೌಂಟರಿನಲ್ಲಿ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಕಾರ್ಡನ್ನು ಮುಂದಿಟ್ಟಾಗ, ಅದು ಇಲ್ಲಿ ನಡೆಯುವುದಿಲ್ಲ ಎಂದರು. ಕೌಂಟರಿನಲ್ಲಿದ್ದ ಹುಡುಗಿಯನ್ನು ನಾನು ದೂರುವುದಿಲ್ಲ, ಆಕೆ ಕಂಪ್ಯೂಟರ್ ತೋರಿಸಿದ್ದನ್ನು ಓದಿದಳು. ಅತ್ತಿಗೆಯ ಬಳೆಗಳು ಅಂದೇ ಸಂಜೆ ಅಡವಿಗೆ ಹೋದವು.

ಮಂಗಳೂರಿಗೇ ಏಕೆ ಹೋಗಬೇಕಿತ್ತು, ಕೇರಳದೊಳಗೇ ಕಣ್ಣೂರು ಜಿಲ್ಲೆಯ ಪರಿಯಾರಂನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇಲ್ಲವೇ ಎಂದು ಕೇಳುವವರಿದ್ದಾರೆ. ನಮ್ಮ ಪೆರ್ಲದಿಂದ ಪರಿಯಾರಂ ಮಂಗಳೂರಿನ ಸುಮಾರು ಎರಡರಷ್ಟು ದೂರ. ಮಂಜೇಶ್ವರದವರಿಗಂತೂ ಮಂಗಳೂರು ಇಪ್ಪತ್ತು ಚಿಲ್ಲರೆ ಕಿಲೋಮೀಟರ್, ರಾಜಧಾನಿ ತಿರುವನಂತಪುರ ಐನೂರಕ್ಕೂ ಹೆಚ್ಚು. ದೂರದ ಮಾತನ್ನು ಬಿಟ್ಟರೂ, 1956ರ ಅಕ್ಟೋಬರ್ 31ರ ವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. 1848ರಲ್ಲಿ ಆರಂಭವಾದ, ಇಂದು ವೆನ್ಲಾಕ್ ಎಂದು ಕರೆಯಲ್ಪಡುವ ಮಂಗಳೂರಿನ ದೊಡ್ಡಾಸ್ಪತ್ರೆಯೇ ನಮ್ಮ ಜಿಲ್ಲಾಸ್ಪತ್ರೆಯಾಗಿತ್ತು, ಲೇಡಿ ಗೋಶನ್ ನಮ್ಮ ಹೆರಿಗೆ ಆಸ್ಪತ್ರೆಯಾಗಿತ್ತು. ನವೆಂಬರ್ 1ರಂದು ಗಡಿ ಬದಲಾಯಿತು. ಆ ಗಡಿಯನ್ನು ಮತ್ತೆ ಎಳೆಯಬೇಕೆಂದು ಈ ಪತ್ರದಲ್ಲಿ ನಾನು ಕೇಳುತ್ತಿಲ್ಲ, ಆ ವಾದ ಬೇರೆಯದೇ. ಮಂಗಳೂರಿಗೆ ಚಿಕಿತ್ಸೆಗೆ ಹೋಗುವುದು ನಮ್ಮ ಹಟವಲ್ಲ, ಹಿಂದಿನ ಒಂದು ಆಡಳಿತವೇ ಹಾಕಿಕೊಟ್ಟ ದಾರಿ ಎಂಬುದನ್ನು ಇಂದಿನ ಆಡಳಿತಗಳು ಅರಿಯಬೇಕೆಂದಷ್ಟೇ ನನ್ನ ಮನವಿ.

ಆ ದಾರಿ ಮುಚ್ಚಿದಾಗ ಏನಾಗುತ್ತದೆಂಬುದನ್ನು ನಾವು 2020ರ ಮಾರ್ಚಿನಲ್ಲಿ ಕಂಡೆವು. ತಲಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿಗೆ ತಡೆ ಬಿತ್ತು, ಒಳದಾರಿಗಳಿಗೆ ಮಣ್ಣು ಸುರಿದರು. ಸಾಂಕ್ರಾಮಿಕದ ಭಯ ಆಡಳಿತಕ್ಕೆ ಇದ್ದದ್ದು ಸಹಜವೇ. ಆದರೆ ಡಯಾಲಿಸಿಸ್‌ಗೆ ಹೋಗಬೇಕಾದವರು, ಹೃದಯದ ಕಾಯಿಲೆಯವರು, ತುಂಬು ಗರ್ಭಿಣಿಯರು ಆ ಮಣ್ಣಿನ ರಾಶಿಯ ಈಚೆ ನಿಂತರು. ಮಂಗಳೂರು ತಲುಪಲಾಗದೆ ಹಲವರು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಯಲು ಆದೇಶಿಸಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ರಂದು ಎರಡೂ ರಾಜ್ಯಗಳ ನಡುವೆ ರೋಗಿಗಳ ಸಾಗಣೆಯ ಬಗ್ಗೆ ಒಪ್ಪಂದವಾಗಿದೆ ಎಂದು ಕೇಂದ್ರ ಸರಕಾರ ಅಲ್ಲಿ ತಿಳಿಸಿತು. ಜೀವವುಳಿಸುವ ತುರ್ತು ಚಿಕಿತ್ಸೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಅದೇ ಸುಪ್ರೀಂ ಕೋರ್ಟು 1996ರಲ್ಲಿಯೇ ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ಹೇಳಿತ್ತು. ಹಾಗಿದ್ದೂ ಒಂದು ಆಂಬುಲೆನ್ಸ್ ಗೆರೆ ದಾಟಲು ಎರಡು ನ್ಯಾಯಾಲಯಗಳು ಬೇಕಾದವು. ಆ ಒಪ್ಪಂದ ಆ ಕಾಲಕ್ಕೆ ಮುಗಿಯಿತು, ಶಾಶ್ವತವಾದ ಏರ್ಪಾಡು ಅದರಿಂದ ಹುಟ್ಟಲಿಲ್ಲ. ಮರುವರ್ಷವೇ ಗಡಿಯಲ್ಲಿ ಪರೀಕ್ಷಾ ವರದಿ ಕೇಳುವ ಕಟ್ಟುಪಾಡು ಮತ್ತೆ ಬಂತು.

ಸಂವಿಧಾನದ ಏಳನೆಯ ಅನುಸೂಚಿಯನ್ನು ತೆರೆದು ನೋಡಿದವರಿಗೆ ಈ ಸಮಸ್ಯೆಯ ಬೇರು ಕಾಣುತ್ತದೆ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯ ಪಟ್ಟಿಯ 6ನೇ ನಮೂದು. ಸಾಂಕ್ರಾಮಿಕ ರೋಗವು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹಬ್ಬದಂತೆ ತಡೆಯುವುದು ಸಮವರ್ತಿ ಪಟ್ಟಿಯ 29ನೇ ನಮೂದು. ಅಂದರೆ ರೋಗ ಗಡಿ ದಾಟುವುದನ್ನು ಕುರಿತು ಸಂವಿಧಾನ ಯೋಚಿಸಿದೆ, ರೋಗಿ ಗಡಿ ದಾಟುವುದನ್ನು ಕುರಿತು ಅಲ್ಲಿ ಒಂದು ನಮೂದೂ ಇಲ್ಲ. ಆ ಬಿರುಕಿನಲ್ಲಿಯೇ ನಮ್ಮ ಬದುಕು ನಡೆಯುತ್ತಿದೆ.

ವಿಮೆ ಬಂದಾಗ ಈ ಬಿರುಕು ಮುಚ್ಚುತ್ತದೆಂದು ನಾವು ಆಸೆಪಟ್ಟದ್ದು ನಿಜ. 2018ರ ಸೆಪ್ಟೆಂಬರ್ 23ರಂದು ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ ಆರಂಭವಾದಾಗ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ಚಿಕಿತ್ಸೆ ದೇಶದ ಯಾವ ಮೂಲೆಯ ನೋಂದಾಯಿತ ಆಸ್ಪತ್ರೆಯಲ್ಲಿಯೂ ಸಿಗುವುದೆಂದು ಹೇಳಿದರು. ಆದರೆ ಆಗ ಕೇಂದ್ರದ ಲೆಕ್ಕದ ಕುಟುಂಬಗಳು 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯ ಪಟ್ಟಿಯವು. ಅದರಾಚೆಗೆ ಕೇರಳ ತನ್ನ ಖರ್ಚಿನಲ್ಲಿ ಇನ್ನೂ ಬಹಳಷ್ಟು ಕುಟುಂಬಗಳನ್ನು ಸೇರಿಸಿಕೊಂಡಿತು. ಅದು ಒಳ್ಳೆಯ ಕೆಲಸವೇ. ಆದರೆ ಹಾಗೆ ಸೇರಿದವರ ಕಾರ್ಡು ಗಡಿಯಾಚೆ ನಡೆಯಬೇಕಾದರೆ ರಾಜ್ಯ ಒಪ್ಪಬೇಕು, ಆಸ್ಪತ್ರೆ ಒಪ್ಪಬೇಕು, ಹಣ ಸಕಾಲಕ್ಕೆ ಪಾವತಿಯಾಗುವುದೆಂಬ ವಿಶ್ವಾಸ ಆ ಆಸ್ಪತ್ರೆಗೆ ಇರಬೇಕು. ಎರಡು ಮನೆಗಳ ಕೈಯಲ್ಲಿ ಒಂದೇ ಬಣ್ಣದ ಕಾರ್ಡಿದ್ದರೂ ಒಂದು ನಡೆಯುತ್ತದೆ, ಇನ್ನೊಂದು ನಡೆಯುವುದಿಲ್ಲ. ಯಾವುದು ಯಾವುದೆಂಬುದು ರೋಗಿಗೆ ಗೊತ್ತಾಗುವುದು ಕೌಂಟರಿನ ಮುಂದೆ ನಿಂತಾಗ.

ಗಡಿಯಾಚೆಗೆ ವಿಮೆ ಚಾಚುವ ಪ್ರಯತ್ನ ಬೇರೆ ಕಡೆ ನಡೆದಿಲ್ಲವೆಂದಲ್ಲ. 2023ರಲ್ಲಿ ಮಹಾರಾಷ್ಟ್ರ ಸರಕಾರ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ವಿಸ್ತರಿಸುವುದಾಗಿ ಹೇಳಿತು. ಅವು ತನಗೆ ಸೇರಬೇಕೆಂದು ಮಹಾರಾಷ್ಟ್ರ ವಾದಿಸುತ್ತ ಬಂದಿರುವ ಹಳ್ಳಿಗಳು. ಕರ್ನಾಟಕ ಅದನ್ನು ತೀವ್ರವಾಗಿ ವಿರೋಧಿಸಿತು, ಕನ್ನಡಿಗನಾಗಿ ಆ ವಿರೋಧ ನನಗೆ ಅರ್ಥವಾಗುತ್ತದೆ. ಆದರೆ ಗಡಿಭಾಗದ ರೋಗಿಯಾಗಿ ಯೋಚಿಸಿದರೆ, ಎರಡು ರಾಜ್ಯಗಳು ಕೂಡಿ ಕುಳಿತು ಮಾಡಬೇಕಾದ ಕೆಲಸವನ್ನು ಒಂದೇ ರಾಜ್ಯ ತನ್ನ ಹಕ್ಕು ಸಾಧನೆಗಾಗಿ ಮಾಡಹೊರಟರೆ ಅದು ಚಿಕಿತ್ಸೆಯಾಗಿ ಉಳಿಯುವುದಿಲ್ಲವೆಂಬುದು ಕಾಣುತ್ತದೆ. ಮಹಾರಾಷ್ಟ್ರದೊಳಗಿನ ಜತ್ತ, ಅಕ್ಕಲಕೋಟೆಯ ಕನ್ನಡಿಗರಿಗೂ, ಚಾಮರಾಜನಗರವನ್ನೇ ಹತ್ತಿರದ ಪೇಟೆಯೆಂದು ನಂಬಿರುವ ತಮಿಳುನಾಡಿನ ತಾಳವಾಡಿಯವರಿಗೂ ನಮ್ಮ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಬೇರೆ ಬೇರೆ ದೇಶಗಳೇ ಇದನ್ನು ಸಾಧಿಸಿವೆ. ಸ್ಪೇನ್ ಮತ್ತು ಫ್ರಾನ್ಸ್ ನಡುವಿನ ಪಿರಿನೀಸ್ ಪರ್ವತದ ಕಣಿವೆಯೊಂದರಲ್ಲಿ, ಪುಚ್ಸೆರ್ದಾ ಎಂಬ ಗಡಿ ಪಟ್ಟಣದಲ್ಲಿ, ಎರಡೂ ಕಡೆಯವರಿಗಾಗಿ ಕಟ್ಟಿದ ಸೆರ್ದಾನ್ಯಾ ಆಸ್ಪತ್ರೆ 2014ರಲ್ಲಿ ತೆರೆಯಿತು. ಖರ್ಚಿನ 60 ಪಾಲು ಸ್ಪೇನಿನ ಕೆಟಲೋನಿಯಾದ್ದು, 40 ಪಾಲು ಫ್ರಾನ್ಸಿನದು. ಬ್ರಿಟನ್ನಿನಲ್ಲಿ ಆರೋಗ್ಯದ ಅಧಿಕಾರ ವೇಲ್ಸಿಗೆ ಪ್ರತ್ಯೇಕವಾಗಿ ಹೋದ ಮೇಲೆ, ಇಂಗ್ಲೆಂಡ್-ವೇಲ್ಸ್ ಗಡಿಯ ಹಳ್ಳಿಗಳ ಸಾವಿರಾರು ಜನ ಆಚೆಯ ವೈದ್ಯರಲ್ಲಿಯೇ ನೋಂದಾಯಿತರಾಗಿ ಉಳಿದರು, ಅವರ ಖರ್ಚನ್ನು ಯಾರು ಭರಿಸಬೇಕೆಂಬುದಕ್ಕೆ ಎರಡೂ ಕಡೆಯವರು ಲಿಖಿತ ಒಪ್ಪಂದ ಮಾಡಿಕೊಂಡರು. ತೊಡಕುಗಳು ಅಲ್ಲಿಯೂ ಇರಬಹುದು, ಆದರೆ ಗಡಿಯಲ್ಲಿ ರೋಗಿಗಳಿದ್ದಾರೆ ಎಂಬುದನ್ನಾದರೂ ಅವರು ಒಪ್ಪಿಕೊಂಡಿದ್ದಾರೆ.

ಇನ್ನು ಭಾಷೆಯ ವಿಷಯಕ್ಕೆ ಬರುತ್ತೇನೆ. ಸುಧಾರಣೆಯ ಯಾವ ವರದಿಯೂ ಇದನ್ನು ಆರೋಗ್ಯದ ವಿಷಯವೆಂದು ಎಣಿಸುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕು.

ಲಕ್ವ ಅಣ್ಣನ ಮಾತನ್ನು ಕಿತ್ತುಕೊಂಡಿತ್ತು. ಹೇಳಿದ್ದು ಅರ್ಥವಾಗುತ್ತಿತ್ತು, ಉತ್ತರಿಸಲು ಪದ ಬರುತ್ತಿರಲಿಲ್ಲ. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಾಗ ಹೀಗಾಗುತ್ತದೆಂದೂ, ನಿತ್ಯದ ಅಭ್ಯಾಸದಿಂದ ಕೆಲವು ಪದಗಳು ಮರಳಬಹುದೆಂದೂ ವೈದ್ಯರು ತಿಳಿಸಿದರು. ಮೊದಲ ತಿಂಗಳುಗಳೇ ಮುಖ್ಯವಂತೆ. ಮಂಗಳೂರಿಗೆ ವಾರಕ್ಕೆ ಎರಡು ಸಲ ಕಾರು ಮಾಡಿಕೊಂಡು ಹೋಗುವ ಶಕ್ತಿ ನಮಗಿರಲಿಲ್ಲ, ಆದ್ದರಿಂದ ನಮ್ಮ ಕಡೆಯ ಒಂದು ಕೇಂದ್ರಕ್ಕೆ ಕರೆದೊಯ್ದೆವು. ಅಲ್ಲಿಯ ಮಾತಿನ ಚಿಕಿತ್ಸಕಿ ತುಂಬ ಒಳ್ಳೆಯವಳು, ತಾಳ್ಮೆಯವಳು, ತೆಂಕಣ ಜಿಲ್ಲೆಯಿಂದ ಬಂದವಳು. ಅವಳಿಗೆ ಕನ್ನಡವೂ ಬಾರದು, ತುಳುವೂ ಬಾರದು. ಚಿತ್ರಗಳ ಪುಸ್ತಕ ಹಿಡಿದು ಪೂಚ್ಚ, ಪಟ್ಟಿ, ವೀಡ್ ಎಂದು ಅವಳು ಹೇಳಿಕೊಟ್ಟಳು. ಎಪ್ಪತ್ತು ವರ್ಷ ಬೆಕ್ಕು, ನಾಯಿ, ಮನೆ ಎಂದು ಹೇಳಿದ ನಾಲಗೆ ತನ್ನ ಪದಗಳನ್ನೇ ಹುಡುಕಿಕೊಳ್ಳಲಾರದೆ ಒದ್ದಾಡುತ್ತಿದ್ದಾಗ, ಅದಕ್ಕೆ ಇನ್ನೊಬ್ಬರ ಪದಗಳನ್ನು ಕಲಿಸಲು ಹೊರಟಂತಾಯಿತು. ಮೂರನೆಯ ದಿನ ಅಣ್ಣ ಮುಖ ತಿರುಗಿಸಿ ಕಣ್ಣೀರು ಹಾಕಿದ. ಆ ಹುಡುಗಿಯೂ ಕಣ್ಣೊರೆಸಿಕೊಂಡಳು. ಇಬ್ಬರದೂ ತಪ್ಪಿಲ್ಲ. ತಪ್ಪು ನೇಮಕಾತಿಯ ಪಟ್ಟಿಯನ್ನು ಮಾಡುವಾಗ ಈ ಜಿಲ್ಲೆಯ ನಾಲಗೆಗಳನ್ನು ಎಣಿಸದವರದು.

ಕನ್ನಡ, ಮಲಯಾಳ ಎರಡೂ ದ್ರಾವಿಡ ಭಾಷೆಗಳೇ ಅಲ್ಲವೇ, ಹೇಗೋ ತಿಳಿಯುತ್ತದೆ ಎಂಬ ಮಾತನ್ನು ಅಧಿಕಾರಿಗಳ ಬಾಯಲ್ಲಿ ನಾನು ಕೇಳಿದ್ದೇನೆ. ಹತ್ತಿರದ ಭಾಷೆಗಳೇ ಆಸ್ಪತ್ರೆಯಲ್ಲಿ ಹೆಚ್ಚು ಅಪಾಯ ಮಾಡುತ್ತವೆ. ಮಲಯಾಳದಲ್ಲಿ ಮುಟ್ಟುವೇದನ ಎಂದರೆ ಮೊಣಕಾಲಿನ ನೋವು. ಅರುವತ್ತೈದರ ಒಬ್ಬ ಕನ್ನಡದ ಅಜ್ಜಿಯನ್ನು ಯುವ ವೈದ್ಯನೊಬ್ಬ ಎಲ್ಲರೆದುರು ಮುಟ್ಟುವೇದನ ಉಂಟೋ ಎಂದು ಕೇಳಿದಾಗ, ಆಕೆ ತಲೆ ತಗ್ಗಿಸಿ ಸುಮ್ಮನೆ ಎದ್ದು ಹೊರಗೆ ಬಂದದ್ದನ್ನು ನಾನು ಸಾಲಿನಲ್ಲಿ ನಿಂತು ಕಂಡೆ. ಕ್ಷೀಣಂ ಎಂದರೆ ಅವರಿಗೆ ಬರಿಯ ಆಯಾಸ, ನಮ್ಮವರಿಗೆ ಆ ಪದ ಕೇಳಿದರೆ ಜೀವವೇ ಕರಗುತ್ತಿರುವ ಭಾವ. ಮದ್ದಿನ ಲಕೋಟೆಯ ಮೇಲೆ ಮಲಯಾಳ ಅಕ್ಷರದಲ್ಲಿ ಬರೆದ ‘ರಾವಿಲೆ’ಯನ್ನು, ಅಂದರೆ ಬೆಳಗ್ಗೆ ಎಂಬುದನ್ನು, ಓದಲು ಬಾರದ ಮುದುಕರು ಗುಳಿಗೆಯ ಬಣ್ಣ ನೋಡಿ ಊಹಿಸುತ್ತಾರೆ. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಊಟವಿಲ್ಲದ ಹೊತ್ತಿನಲ್ಲಿ ನುಂಗಿದರೆ ಏನಾಗುತ್ತದೆಂದು ವೈದ್ಯರಿಗೆ ನಾನು ಹೇಳಬೇಕಾಗಿಲ್ಲ.

ಕೇರಳದ 1969ರ ಆಡಳಿತ ಭಾಷಾ ಕಾಯಿದೆಯು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದೆಂದು ಹೇಳುತ್ತದೆ. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗಾಗಿಯೇ ಗುಮಾಸ್ತರ ಹುದ್ದೆಗಳನ್ನು ಲೋಕಸೇವಾ ಆಯೋಗ ಕರೆದದ್ದೂ ಉಂಟು. ಅರ್ಜಿಗೆ ಸಿಕ್ಕಿದ ಈ ರಕ್ಷೆ ನೋವಿಗೆ ಸಿಗಬಾರದೇ? ಆರೋಗ್ಯ ಕೇಂದ್ರದ ದಾದಿ, ಆಶಾ ಕಾರ್ಯಕರ್ತೆ, ಮದ್ದು ಕೊಡುವವರು, ಮಾತಿನ ಚಿಕಿತ್ಸಕರು ಇವರಲ್ಲಿ ಒಂದು ಪಾಲಾದರೂ ಎರಡೂ ಭಾಷೆ ಬಲ್ಲವರಾಗಿರಬೇಕೆಂದು ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಿಗೆ ನಿಯಮ ಮಾಡುವುದಕ್ಕೆ ದೊಡ್ಡ ಹಣವೇನೂ ಬೇಕಾಗಿಲ್ಲ.

ಹೀಗೆ ಬರೆದುದರಿಂದ ಕೇರಳದ ಸಾಧನೆಯನ್ನು ನಾನು ಕಡೆಗಣಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. 2023ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಇಲ್ಲಿ ಹುಟ್ಟುವ ಸಾವಿರ ಶಿಶುಗಳಲ್ಲಿ ವರ್ಷದೊಳಗೆ ಸಾಯುವವು 5, ದೇಶದ ಸರಾಸರಿ 25. 2008ರಲ್ಲಿಯೇ ಉಪಶಾಮಕ ಆರೈಕೆಯ (ಪಾಲಿಯೇಟಿವ್, ಅಂದರೆ ಗುಣವಾಗದ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಯ) ನೀತಿಯನ್ನು ರೂಪಿಸಿದ ರಾಜ್ಯ ಇದು. ಪಂಚಾಯತಿನ ಪಾಲಿಯೇಟಿವ್ ನರ್ಸ್ ತಿಂಗಳಿಗೊಮ್ಮೆ ನಮ್ಮ ಗುಡ್ಡ ಹತ್ತಿ ಬಂದು ಅಣ್ಣನ ಬೆನ್ನು ನೋಡಿ, ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಅತ್ತಿಗೆಗೆ ಹೇಳಿಕೊಟ್ಟು ಹೋಗುತ್ತಾಳೆ. ಇಂಥ ಸೇವೆ ದೇಶದ ಎಷ್ಟು ಹಳ್ಳಿಗಳಲ್ಲಿ ಇದೆ? ಈ ರಾಜ್ಯ ಮನಸ್ಸು ಮಾಡಿದರೆ ಮನೆಬಾಗಿಲಿಗೆ ಬರಬಲ್ಲದೆಂಬುದನ್ನು ಕಂಡವನಾದ್ದರಿಂದಲೇ ನಾನು ಇಷ್ಟು ಕೇಳುತ್ತಿದ್ದೇನೆ.

ಆರೈಕೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ವಿಮೆಯ ಯೋಜನೆ ಆಸ್ಪತ್ರೆಯಿಂದ ಬಿಟ್ಟ ಬಳಿಕ 15 ದಿನಗಳ ಖರ್ಚನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಲಕ್ವ ಬಡಿದವನ ಕಾಯಿಲೆ ಹದಿನಾರನೆಯ ದಿನ ಮುಗಿಯುವುದಿಲ್ಲ, ಮನೆಯವರ ಪಾಲಿಗೆ ಅದು ಅಂದೇ ಶುರುವಾಗುತ್ತದೆ. 1940ರ ದಶಕದಲ್ಲಿ ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕಟ್ಟಿದಾಗ ಆಸ್ಪತ್ರೆಯ ಚಿಕಿತ್ಸೆಯನ್ನು ಎಲ್ಲರಿಗೂ ಉಚಿತ ಮಾಡಿ, ಮುದುಕರ ಮತ್ತು ಅಶಕ್ತರ ಆರೈಕೆಯನ್ನು ಸ್ಥಳೀಯ ಆಡಳಿತಗಳಿಗೆ ಬಿಟ್ಟಿತು. ಗುಣವಾದ ವೃದ್ಧರು ಮನೆಯಲ್ಲಿ ನೋಡುವ ಏರ್ಪಾಡಿಲ್ಲದೆ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿಯುವ ತೊಂದರೆಯಿಂದ ಆ ದೇಶ ಇಂದಿಗೂ ಬಿಡಿಸಿಕೊಂಡಿಲ್ಲ. ಅದೇ ಕಾಲದಲ್ಲಿ, 1946ರಲ್ಲಿ, ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ನಮ್ಮ ಭೋರ್ ಸಮಿತಿ ವರದಿ ಕೊಟ್ಟಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಸರಕಾರದ ಆರೋಗ್ಯ ವೆಚ್ಚವನ್ನು 2025ರೊಳಗೆ ಒಟ್ಟು ದೇಶೀಯ ಉತ್ಪನ್ನದ ಶೇ. 2.5ಕ್ಕೆ ಏರಿಸಬೇಕೆಂದಿತು. 2021-22ರ ಲೆಕ್ಕದಲ್ಲಿ ಅದು ಶೇ. 1.84 ಇತ್ತು, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕಿಸೆಯಿಂದ ಕೊಟ್ಟದ್ದು ಶೇ. 39.4. ಅತ್ತಿಗೆಯ ಬಳೆಗಳು ಆ ಲೆಕ್ಕದಲ್ಲಿ ಸೇರುತ್ತವೆ. ಆಕೆ ರಾತ್ರಿ ಎರಡು ಗಂಟೆಗೆ ಎದ್ದು ಗಂಡನ ಮಗ್ಗುಲು ಬದಲಿಸುವುದು ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳದ ಆಶ್ವಾಸಕಿರಣಂ ಯೋಜನೆ ತಿಂಗಳಿಗೆ 600 ರೂಪಾಯಿ ನಿಗದಿ ಮಾಡಿದೆ. ದಿನಕ್ಕೆ 20 ರೂಪಾಯಿ.

ಆರೈಕೆಯೆಂದರೆ ಏನೆಂಬುದನ್ನು ನಮ್ಮ ಎಣ್ಮಕಜೆ ಪಂಚಾಯತಿಗೆ ಯಾರೂ ಕಲಿಸಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ವರೆಗೆ ತೋಟಗಾರಿಕಾ ನಿಗಮದ ಗೇರುತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳು ಇಲ್ಲಿವೆ, ಪಡ್ರೆ ಇಲ್ಲಿದೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಾದ್ಯಂತ ನಿಲ್ಲಿಸಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಬೇಕೆಂದು ಆದೇಶಿಸಿತು. 2022ರ ಮೇ ತಿಂಗಳಲ್ಲಿ ಮತ್ತೆ ವಿಚಾರಣೆಯಾದಾಗ, ಪಟ್ಟಿಯಲ್ಲಿದ್ದ 3,704 ಮಂದಿಯ ಪೈಕಿ ಹಣ ಸಿಕ್ಕಿದ್ದು ನ್ಯಾಯಾಲಯದ ಮೆಟ್ಟಿಲೇರಿದ 8 ಮಂದಿಗೆ ಮಾತ್ರ ಎಂಬುದು ಬಯಲಾಯಿತು. ಆ ಬಳಿಕ ಹಣ ಬಂತು. ಆದರೆ ಮೂವತ್ತು ದಾಟಿದ ಮಗನನ್ನು ಇಂದಿಗೂ ಎತ್ತಿ ಸ್ನಾನ ಮಾಡಿಸುವ ಎಪ್ಪತ್ತರ ತಾಯಂದಿರು ನನ್ನ ನೆರೆಕರೆಯಲ್ಲಿದ್ದಾರೆ. ಅವರು ಕೇಳುವ ಪ್ರಶ್ನೆ ಹಣದ್ದಲ್ಲ, ನಾನು ಸತ್ತ ಮರುದಿನ ಇವನಿಗೆ ಅನ್ನ ಹಾಕುವವರು ಯಾರು ಎಂಬುದು. ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳು ಹಗಲಿನ ಕೆಲವು ಗಂಟೆಗಳಿಗೆ ಉತ್ತರ ಕೊಡುತ್ತವೆ, ರಾತ್ರಿಗೆ ಉತ್ತರವಿಲ್ಲ.

ಕಟ್ಟಡಗಳ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ. 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿ ಸಿಕ್ಕಿದ್ದು 2025ರಲ್ಲಿ. ಚಟ್ಟಂಚಾಲ್ ಬಳಿ ಟಾಟಾ ಸಮೂಹ 2020ರಲ್ಲಿ ಕೆಲವೇ ತಿಂಗಳಲ್ಲಿ ಐನೂರಕ್ಕೂ ಹೆಚ್ಚು ಹಾಸಿಗೆಗಳ ಕೋವಿಡ್ ಆಸ್ಪತ್ರೆ ಕಟ್ಟಿಕೊಟ್ಟಿತು, ಸಾಂಕ್ರಾಮಿಕ ಇಳಿದ ಮೇಲೆ ಸಿಬ್ಬಂದಿ ಬೇರೆಡೆಗೆ ಹೋಗಿ ಅದು ಪಾಳುಬಿತ್ತು. ಏಮ್ಸ್ ಪ್ರಸ್ತಾಪದಲ್ಲಿ ಕಾಸರಗೋಡಿನ ಹೆಸರನ್ನೂ ಸೇರಿಸಬೇಕೆಂದು ಸಮಾಜಸೇವಕಿ ದಯಾಬಾಯಿಯವರು 2022ರ ಅಕ್ಟೋಬರಿನಲ್ಲಿ ಸೆಕ್ರೆಟರಿಯೇಟಿನ ಎದುರು ಉಪವಾಸ ಕುಳಿತರು. ಕಟ್ಟಡ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಒಂದು ಕಾಲೇಜು ಮುಗಿಯಲು ಹನ್ನೆರಡು ವರ್ಷ ಸಾಲದಿದ್ದಾಗ, ಆ ಹನ್ನೆರಡು ವರ್ಷಗಳಲ್ಲಿ ಕಾಯಿಲೆ ಬಿದ್ದವರಿಗಾಗಿ ಆಚೆಯ ಊರಿನೊಂದಿಗೆ ಒಂದು ಒಪ್ಪಂದವನ್ನಾದರೂ ಮಾಡಿಕೊಳ್ಳಬೇಕಿತ್ತು.

ಒಪ್ಪಂದಕ್ಕೆ ವೇದಿಕೆಯಿಲ್ಲ ಎನ್ನುವಂತಿಲ್ಲ. ನಮ್ಮನ್ನು ಕೇರಳಕ್ಕೆ ಸೇರಿಸಿದ 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯೇ ವಲಯ ಮಂಡಳಿಗಳನ್ನೂ ಸ್ಥಾಪಿಸಿತು. ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರು, ಅಂತರರಾಜ್ಯ ಸಾರಿಗೆ ಇವನ್ನು ಈ ಮಂಡಳಿಗಳು ಚರ್ಚಿಸಬಹುದೆಂದು ಅದರ 21ನೇ ಸೆಕ್ಷನ್ ಹೇಳುತ್ತದೆ. ಗಡಿ ದಾಟುವ ಕನ್ನಡದ ರೋಗಿ ಈ ಮೂರೂ ಶೀರ್ಷಿಕೆಗಳಡಿ ಬರುತ್ತಾನೆ. ಕೇರಳ, ಕರ್ನಾಟಕ ಎರಡೂ ದಕ್ಷಿಣ ವಲಯ ಮಂಡಳಿಯ ಸದಸ್ಯರು. ಕಾಸರಗೋಡಿನ ಪಡಿತರ ಚೀಟಿ ಇರುವವರ ಕಾರ್ಡು, ಅದು ಕೇಂದ್ರದ ಲೆಕ್ಕದ್ದಿರಲಿ ರಾಜ್ಯದ ಲೆಕ್ಕದ್ದಿರಲಿ, ದಕ್ಷಿಣ ಕನ್ನಡದ ಸರಕಾರಿ ಮತ್ತು ನೋಂದಾಯಿತ ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆಗೆ ನಡೆಯಬೇಕು, ಹಣವನ್ನು ರಾಜ್ಯಗಳು ತಮ್ಮೊಳಗೆ ಲೆಕ್ಕ ಚುಕ್ತಾ ಮಾಡಿಕೊಳ್ಳಬೇಕು. 108ರ ಕರೆ ಯಾವ ಟವರಿಗೆ ಬಿದ್ದರೂ ಹತ್ತಿರದ ವಾಹನ ಹೊರಟು ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಇದು ಎರಡು ಆರೋಗ್ಯ ಇಲಾಖೆಗಳ ಕಾರ್ಯದರ್ಶಿಗಳು ಒಂದು ಮೇಜಿನಲ್ಲಿ ಕುಳಿತರೆ ಆಗುವ ಕೆಲಸ. ಉಭಯ ರಾಜ್ಯಗಳ ಶಾಸಕರು, ನಮ್ಮ ಸಂಸದರು ಇದನ್ನು ಮಂಡಳಿಯ ಕಾರ್ಯಸೂಚಿಗೆ ಸೇರಿಸಲು ಒತ್ತಾಯಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಬೇಡುತ್ತೇನೆ.

ಮಾಡುವ ಕೈಗಳ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 2025ರ ಫೆಬ್ರವರಿಯಿಂದ ಕೇರಳದ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿರೆಂದು ತಿರುವನಂತಪುರದ ಬೀದಿಯಲ್ಲಿ ತಿಂಗಳುಗಟ್ಟಲೆ ಕುಳಿತರು. ಮನೆಮನೆಗೆ ಹೋಗಿ ಎರಡು ಭಾಷೆಗಳ ನಡುವೆ ಸೇತುವೆಯಾಗಬೇಕಾದವರು ಅವರೇ. ಅವರಿಗೆ ನ್ಯಾಯವಾದ ಕೂಲಿ ಸಿಗದೆ ಆರೈಕೆಯ ಯಾವ ಸುಧಾರಣೆಯೂ ಗುಡ್ಡ ಹತ್ತಲಾರದು.

ಅಣ್ಣನಿಗೆ ಈಗ ಹದಿನೈದು ಪದಗಳು ಮರಳಿವೆ. ನೀರು, ಹಸು, ಸಾಕು, ಅತ್ತಿಗೆಯ ಹೆಸರು, ಇನ್ನು ಕೆಲವು. ಅವುಗಳಲ್ಲಿ ಹೆಚ್ಚಿನವನ್ನು ಕಲಿಸಿದ್ದು ಅತ್ತಿಗೆಯೇ, ಮೊಮ್ಮಗಳ ಒಂದನೆಯ ತರಗತಿಯ ಕನ್ನಡ ಪುಸ್ತಕ ಹಿಡಿದು. ಆ ಚಿಕಿತ್ಸಕಿ ಒಂದು ದಿನ ಅದೇ ಪುಸ್ತಕ ತರಿಸಿಕೊಂಡು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಪದವನ್ನು ಯಾವಾಗ ಹೇಳಿಸಬೇಕೆಂದು ಸನ್ನೆಯಲ್ಲಿ ತೋರಿಸಿದಳು. ನಾನು ಕನ್ನಡದಲ್ಲಿ ಹೇಳಿಸಿದೆ. ಅಂದು ಅವನು ಮೊದಲ ಬಾರಿಗೆ ನೀರು ಎಂದ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದ, ಮಲಯಾಳವನ್ನೂ ಚೆನ್ನಾಗಿ ಬಲ್ಲ ನನ್ನಂಥ ಅಧ್ಯಾಪಕರು ಈ ಎರಡು ತಾಲೂಕುಗಳಲ್ಲಿ ಬಹಳ ಮಂದಿ ಇದ್ದೇವೆ. ಜಿಲ್ಲಾಡಳಿತ ನಮಗೆ ಒಂದು ವಾರದ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರಗಳಲ್ಲಿ ಭಾಷಾ ಸಹಾಯಕರಾಗಿ ವಾರಕ್ಕೆ ಎರಡು ದಿನ ಕೂರಿಸಿದರೆ, ಸಂಬಳವಿಲ್ಲದೆ ಬರಲು ನಾನು ಸಿದ್ಧನಿದ್ದೇನೆ, ನನಗೆ ಗೊತ್ತಿರುವ ಆರೇಳು ಮಂದಿಯೂ ಸಿದ್ಧರಿದ್ದಾರೆ. ಆ ಪಟ್ಟಿಯನ್ನು ಯಾವ ಕಚೇರಿಯಲ್ಲಿ ತೆರೆಯುತ್ತಾರೆಂದು ಸಂಬಂಧಪಟ್ಟವರು ತಿಳಿಸಿದರೆ ಮರುದಿನವೇ ಹೋಗಿ ಹೆಸರು ಬರೆಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ
ಪೆರ್ಲ, ಕಾಸರಗೋಡು ಜಿಲ್ಲೆ